ಯಾವ ರೈಟು?

ಮೊನ್ನೆ ಬೆಳಿಗ್ಗೆ ನಮ್ಮ ಕಾರ್ಖಾನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಅದರ ಬೆನ್ನಿಗೇ ಮ್ಯಾನೇಜರ್ ಸಾಹೇಬರ ಸಂತಾಪವೂ ಬಂತು. ಇಂಗ್ಲಿಷಿನಲ್ಲಿ, ಒಂದೇ ಸಾಲು: 'ಶೀ ವಾಸ್ ಆಲ್ವೇಸ್ ರೈಟ್.' ಕೆಳಗೆ ಮುಗಿದ ಎರಡು ಕೈ. ಅದರ ಕೆಳಗೆ ಇಡೀ ಕಾರ್ಖಾನೆಯ ಮುಗಿದ ಕೈಗಳು, ಒಂದರ ಹಿಂದೆ ಒಂದು.

ನಾನು ಆಗ ಚಹಾ ಕುಡಿಯುತ್ತಿದ್ದೆ. ಕಪ್ಪನ್ನು ಎಷ್ಟು ಜೋರಾಗಿ ಕೆಳಗಿಟ್ಟೆನೆಂದರೆ ಹೆಂಡತಿ ಒಳಗಿನಿಂದಲೇ "ಏನ್ ಒಡೀತ್ರೀ?" ಎಂದು ಕೂಗಿದಳು. ಏನೂ ಒಡೆದಿರಲಿಲ್ಲ. ನನ್ನ ಮೈ ಉರಿಯುತ್ತಿತ್ತು, ಅಷ್ಟೇ. ಯಾವ ಒಂದು ಶಬ್ದಕ್ಕಾಗಿ ಆ ಹೆಂಗಸನ್ನು ತಳೇಗಾಂವದ ಕಾರ್ಖಾನೆಯಿಂದ ಎತ್ತಿ ಖರಾಡಿಯ ಕಚೇರಿಯ ಮೂಲೆಗೆ ಒಗೆದರೋ, ಒಗೆದ ಮನುಷ್ಯನೇ ಅದೇ ಶಬ್ದವನ್ನು ತಂದು ಅವರ ಹೆಣದ ಮೇಲೆ ಹೂವಿನ ಹಾಗೆ ಇಟ್ಟಿದ್ದಾನೆ. ನಾಚಿಕೆ ಎನ್ನುವುದು ಒಂದಿಷ್ಟಾದರೂ ಬೇಡವೇ?

ಅಕ್ಕೋರು ಇದ್ದಿದ್ದರೆ ಆ ಸಾಲನ್ನು ಓದಿ, ಕನ್ನಡಕ ಹಣೆಗೇರಿಸಿ, ಕೇಳುತ್ತಿದ್ದದ್ದು ಒಂದೇ ಮಾತು: "ಯಾವ ರೈಟು?"

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈದಾರು. ಶೆಡ್ಡಿನ ಕನ್ನಡದವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು, ಮರಾಠಿಯವರು ಬಾಈ ಎನ್ನುತ್ತಿದ್ದರು. ಧಾರವಾಡದವರು. ಮದುವೆಯಾಗಿ ಪುಣೆಗೆ ಬಂದು, ಕೆಲವು ವರ್ಷ ಸಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಆಮೇಲೆ ನಮ್ಮ ಕಾರ್ಖಾನೆಯ ತರಬೇತಿ ವಿಭಾಗಕ್ಕೆ ಸೇರಿದ್ದರು. ನಮ್ಮದು ಮೋಟಾರು ಗಾಡಿಗಳ ತಗಡಿನ ಭಾಗಗಳನ್ನು ಒತ್ತುವ ಕಾರ್ಖಾನೆ. ಇಂಗ್ಲಿಷಿನಲ್ಲಿ ಬರುವ ಸೂಚನೆಗಳನ್ನು ಮರಾಠಿಗೂ ಕನ್ನಡಕ್ಕೂ ಮಾಡುವುದು ಅವರ ಕೆಲಸ. ಕನ್ನಡಕ್ಕೆ ಯಾಕೆಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಜನ ನಮ್ಮಲ್ಲಿ ಬಹಳ. ನಾನೂ ಬೆಳಗಾವಿಯವನೇ. ಆಡಳಿತ ಕಚೇರಿಯಲ್ಲಿ ಗುಮಾಸ್ತ, ಇವತ್ತಿಗೂ.

ಆಳು ಗಿಡ್ಡ, ದನಿ ದೊಡ್ಡದು. ಹತ್ತಿಯ ಸೀರೆ ಉಟ್ಟು, ಕಾಲಿಗೆ ಕಾರ್ಖಾನೆ ಕೊಟ್ಟ ಭಾರದ ಬೂಟು ಹಾಕಿಕೊಂಡು ಧಪಧಪ ನಡೆಯುತ್ತಿದ್ದರು. ಹೆಲ್ಮೆಟ್ಟು ತುರುಬಿನ ಮೇಲೆ ಕೂರದೆ ಸದಾ ಹಣೆಗೆ ಜಾರುತ್ತಿತ್ತು. ಅದನ್ನು ಹಿಂದಕ್ಕೆ ತಳ್ಳಿದರೆಂದರೆ ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಸಿಟ್ಟು ಅವರಿಗೆ ಉಸಿರಾಡಿದಷ್ಟು ಸಲೀಸು. ತಪ್ಪು ಬರೆದವನಿಗೆ ಒಂದು ಪಾಲು ಬೈದರೆ, ತಿಳಿಯದೆ ತಲೆ ಆಡಿಸಿದವನಿಗೆ ನಾಲ್ಕು ಪಾಲು. "ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನು. ಕೋಲೆಬಸವನ ಗತೆ ಗೋಣ್ ಯಾಕ ಹಾಕ್ತೀ?" ಎಂದು ಮ್ಯಾನೇಜರಿಗೂ ಅಂದವರು. ಅವನಿಗೆ ಕನ್ನಡ ಬಾರದು, ನಕ್ಕು ಮತ್ತೊಮ್ಮೆ ಗೋಣು ಹಾಕಿದ.

ಊಟದ ಬಿಡುವಿನ ಕೊನೆಯ ಅರ್ಧ ತಾಸು ಅವರ ಕ್ಲಾಸು. ಒಂದು ಕೈಯಲ್ಲಿ ಭಕ್ರಿಯ ಚೂರು, ಇನ್ನೊಂದರಲ್ಲಿ ಸೀಮೆಸುಣ್ಣ. ಒಂದು ದಿನ ಹಲಗೆಯ ಮೇಲೆ ದೊಡ್ಡದಾಗಿ 'ರೈಟ್' ಎಂದು ಬರೆದು ತಿರುಗಿದರು.

"ಹೇಳ್ರಿ, ಇದರ ಅರ್ಥ?"

ಬಲಗಡೆ ಎಂದ ಒಬ್ಬ. ಸರಿ, ಅಂದರೆ ತಪ್ಪಲ್ಲದ್ದು ಎಂದ ಇನ್ನೊಬ್ಬ. ಹಕ್ಕು ಎಂದ ಯೂನಿಯನ್ನಿನವನು. ಹಾಗೆ ಅಂದು ಸುತ್ತ ಒಮ್ಮೆ ನೋಡಿದ. ರೈಟ್ ಆ್ಯಂಗಲ್ ಅಂದ್ರೇನು ಎಂದು ಅಕ್ಕೋರು ಕೇಳಿದ್ದಕ್ಕೆ ನಾನೇ ಮುಂದಾಗಿ, "ಬಲಗಡೆ ಇರೋ ಕೋನರಿ" ಎಂದೆ.

"ಹಂಗಾರ ಎಡಗಡೆ ಇದ್ರ ಲೆಫ್ಟ್ ಆ್ಯಂಗಲ್ ಏನೋ, ಮಬ್ಬ?" ಎಂದರು. ಆ ಹೆಸರು ನನಗೆ ಆರು ತಿಂಗಳು ಅಂಟಿಕೊಂಡಿತ್ತು.

ಕಡೆಗೆ ಹಿಂದಿನ ಬೆಂಚಿನಿಂದ ಶಿವಪ್ಪ ಎದ್ದು ನಿಂತ. ಬಾಗಲಕೋಟೆ ಕಡೆಯವನು, ಕ್ರೇನ್ ನಡೆಸುವ ಕೆಲಸಕ್ಕೆ ಹೊಸದಾಗಿ ಬಂದವನು. ಅದಕ್ಕೂ ಮೊದಲು ಎಂಟು ವರ್ಷ ಊರ ಕಡೆ ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದ. "ರೈಟ್ ಅಂದ್ರ ಬಿಡು ಅಂತ್ರಿ. ಹೋಗ್ಲಿ ಅಂತ" ಎಂದ. ಇಡೀ ಕ್ಲಾಸು ಹೋ ಎಂದು ನಕ್ಕಿತು.

ಅಕ್ಕೋರು ನಗಲಿಲ್ಲ. ಹೆಲ್ಮೆಟ್ಟು ಹಿಂದಕ್ಕೆ ತಳ್ಳಿದರು. "ಯಾಕ ನಗ್ತೀರಿ? ನಮ್ಮ ಕಡೆ ಎಲ್ಲಾ ಬಸ್ಸೂ ಈ ಒಂದು ಶಬ್ದದ ಮ್ಯಾಲೇ ಓಡ್ತಾವ. ಕಂಡಕ್ಟರ್ ರೈಟ್ ಅಂದಾಗ ಯಾವ ಡ್ರೈವರಾದ್ರೂ ಬಸ್ಸು ಬಲಕ್ಕ ತಿರುಗಿಸ್ಯಾನೇನು? ಅವ ಹೇಳಿದ್ದು ಖರೇನ ಅದ." ಆಮೇಲೆ ಶಿವಪ್ಪನ ಕಡೆ ಬಹಳ ಹೊತ್ತು ನೋಡುತ್ತಾ ನಿಂತರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ನಾವು ಯಾರೂ ಆಗ ಅದನ್ನು ಗುರುತಿಸಲಿಲ್ಲ.

ಮರುದಿನ ಕ್ರೇನಿನ ಹತ್ತಿರದ ಕಂಬಕ್ಕೆ ಒಂದು ರಟ್ಟು ತೂಗುಬಿತ್ತು. ಅಕ್ಕೋರ ದುಂಡನೆಯ ಅಕ್ಷರ, ಮೇಲೆ ಕನ್ನಡ, ಕೆಳಗೆ ಮರಾಠಿ: 'ಇಲ್ಲಿ ಯಾರೂ ರೈಟ್ ಅನ್ನಬಾರದು. ಏರಿಸು ಅನ್ನಿರಿ. ಇಳಿಸು ಅನ್ನಿರಿ. ನಿಲ್ಲಿಸು ಅನ್ನಿರಿ. ಬಲಕ್ಕೆ ಅನ್ನಿರಿ. ಎಡಕ್ಕೆ ಅನ್ನಿರಿ.' ಶೆಡ್ಡಿನವರು ಎರಡು ದಿನ ಚೇಷ್ಟೆ ಮಾಡಿದರು, ಮೂರನೆಯ ದಿನದಿಂದ ಹಾಗೆಯೇ ಹೇಳತೊಡಗಿದರು.

ಅಕ್ಕೋರೂ ನಾನೂ ದಿನಾ ಶಿವಾಜಿನಗರದಲ್ಲಿ ಲೋಣಾವಳಾ ಲೋಕಲ್ ರೈಲು ಹಿಡಿದು ತಳೇಗಾಂವಕ್ಕೆ ಬರುತ್ತಿದ್ದೆವು. ಒಂದು ದಿನ ನಮ್ಮ ಪಕ್ಕ ಒಬ್ಬ ಕನ್ನಡದವನು ಫೋನಿನಲ್ಲಿ ಮಾತಾಡುತ್ತಾ ಕೂತಿದ್ದ. "ಸರಿ... ಸರಿ... ಸರಿ" ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಅವನು ಸರಿ ಎಂದಾಗಲೆಲ್ಲ ಅಕ್ಕೋರು ಬಾಕಿನ ಮೇಲೆ ಒಂದು ಗೇಣು ಆಚೆ ಸರಿದರು. ನನ್ನನ್ನೂ ತಳ್ಳಿಕೊಂಡು ಸರಿದರು. ಕಡೆಗೆ ಅವನ ಭುಜ ತಟ್ಟಿ, "ಇನ್ನೆಷ್ಟು ಸರೀಲೋ ತಮ್ಮಾ, ಮುಂದ ಖಿಡಕಿ ಅದ!" ಎಂದರು. ಅವನು ಬೆಪ್ಪಾಗಿ ಫೋನೇ ಇಟ್ಟುಬಿಟ್ಟ. ಆಮೇಲೆ ನನಗೆ ಹೇಳಿದರು: "ಇಂಗ್ಲಿಷಿಗೆ ಬೈತೀವಿ, ನಮ್ಮ ಭಾಷಾನೂ ಏನ್ ಕಮ್ಮಿ ಇಲ್ಲ. ಸರಿ ಅಂದ್ರ ಹೌದು. ಸರಿ ಅಂದ್ರ ಆಚೆ ಹೋಗು. ಹೇಳೋವನ ಮಾರಿ ನೋಡಬೇಕು, ಆಗ ತಿಳೀತದ."

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ಹೊರದೇಶದ ಗಿರಾಕಿಗಳು ಕಾರ್ಖಾನೆ ನೋಡಲು ಬರುವವರಿದ್ದರು. ಹಿಂದಿನ ದಿನ ಮ್ಯಾನೇಜರ್ ಶೆಡ್ಡು ಸುತ್ತುತ್ತಾ ಆ ರಟ್ಟಿನ ಮುಂದೆ ನಿಂತ. ಇದೇನು ಎಂದ. ಓದಿ ಹೇಳಿದೆ. ರೈಟ್ ಎನ್ನುವ ಶಬ್ದಕ್ಕೆ ನಿಷೇಧವೇ ಎಂದು ನಕ್ಕು, ಗೋಡೆ ಕಂಬ ಎಲ್ಲ ಚೊಕ್ಕ ಇರಬೇಕು, ತೆಗೆದುಬಿಡು ಎಂದ. ತೆಗೆದೆ. ಒಂದು ಮಾತು ಎದುರಾಡಲಿಲ್ಲ. ಆಡಳಿತ ಕಚೇರಿಯ ಕಪಾಟಿನ ಹಿಂದೆ ಒರಗಿಸಿದೆ. ಗಿರಾಕಿಗಳು ಬಂದರು, ಹೋದರು. ರಟ್ಟು ಅಲ್ಲೇ ಉಳಿಯಿತು. ಅಕ್ಕೋರು ಎರಡು ಸಲ ಕೇಳಿದರು. "ಹಾಕ್ತೀನ್ರಿ" ಎಂದೆ, ಎರಡು ಸಲವೂ.

ಮುಂದಿನ ವಾರ ಖರಾಡಿಯ ಮುಖ್ಯ ಕಚೇರಿಯಿಂದ ಒಬ್ಬ ಇಂಜಿನಿಯರ್ ಬಂದ. ತಗಡು ಒತ್ತುವ ಪ್ರೆಸ್ಸಿಗೆ ಹೊಸ ಅಚ್ಚು ಕೂರಿಸುವುದಿತ್ತು. ಟನ್‌ಗಟ್ಟಲೆ ಭಾರದ ಉಕ್ಕಿನ ಅಚ್ಚು, ಕ್ರೇನಿನಲ್ಲಿ ತೂಗುತ್ತಿದೆ. ಶಿವಪ್ಪ ಪ್ರೆಸ್ಸಿನ ಈ ಕಡೆ ಕ್ರೇನಿನ ಗುಂಡಿಪೆಟ್ಟಿಗೆ ಹಿಡಿದು ನಿಂತಿದ್ದಾನೆ. ಇಂಜಿನಿಯರ್ ಆ ಕಡೆ. ಆ ಕಡೆಯೇ ಬಗ್ಗಿ, ಅಚ್ಚು ಕೂರುವ ಜಾಗ ಒರೆಸುತ್ತಿದ್ದವರು ನಮ್ಮ ಫಿಟರ್. ಇಂದಾಪುರದವರು, ವಯಸ್ಸಾದವರು, ಎಲ್ಲರೂ ಮಾಮಾ ಎನ್ನುತ್ತಿದ್ದೆವು. ಅಡ್ಡ ಅಚ್ಚು ಇರುವುದರಿಂದ ಮಾಮಾನ ಕೈ ಶಿವಪ್ಪನಿಗೆ ಕಾಣದು. ಅಚ್ಚು ನೆಟ್ಟಗೆ ಬಂದದ್ದನ್ನು ನೋಡಿ ಇಂಜಿನಿಯರಿಗೆ ಖುಷಿಯಾಯಿತು. "ರೈಟ್! ರೈಟ್!" ಎಂದ. ಈಗ ಸರಿಯಾಗಿದೆ, ಇಷ್ಟು ಸಾಕು ಎಂಬ ಅರ್ಥದಲ್ಲಿ.

ಶಿವಪ್ಪನ ಕಿವಿಗೆ ಬಿದ್ದದ್ದು ಎಂಟು ವರ್ಷ ಕೇಳಿದ ರೈಟ್ ರೈಟ್. ಬಿಡು, ಹೋಗಲಿ. ಅವನು ಇಳಿಸಿದ.

ಮಾಮಾನ ಬಲಗೈಯ ಎರಡು ಬೆರಳು ಹೋದವು.

ನಾಲ್ಕು ದಿನಕ್ಕೆ ವಿಚಾರಣೆ ಕೂತಿತು. ಮೇಜಿನ ಆ ಕಡೆ ಮ್ಯಾನೇಜರ್ ಮತ್ತು ಇಂಜಿನಿಯರ್, ಈ ಕಡೆ ಶಿವಪ್ಪ, ಅವನ ಕನ್ನಡವನ್ನು ಇಂಗ್ಲಿಷಿಗೆ ಮಾಡಲು ಅಕ್ಕೋರು, ಟೈಪು ಮಾಡಲು ನಾನು. ಶಿವಪ್ಪ ಮೂರು ದಿನದಿಂದ ಉಂಡಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

"ಸಾಹೇಬ್ರು ರೈಟ್ ರೈಟ್ ಅಂದ್ರು. ನಾ ಇಳಿಸಿದ್ನಿರಿ. ಮಾಮಾನ ಕೈ ಅಲ್ಲಿ ಐತಂತ ನನಗ ಕಾಣಲಿಲ್ರಿ" ಎಂದ. ಅಷ್ಟೇ ಮಾತು. ಅಕ್ಕೋರು ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು.

ಇಂಜಿನಿಯರ್ ಕುರ್ಚಿಗೆ ಒರಗಿದ. ಹೌದು, ನಾನು ರೈಟ್ ಎಂದೆ, ಅಚ್ಚನ್ನು ಬಲಕ್ಕೆ ಸರಿಸು ಎಂದು ಹೇಳಿದೆ, ಇವನು ಬಲಕ್ಕೆ ಒಯ್ಯುವುದು ಬಿಟ್ಟು ಇಳಿಸಿದ ಎಂದ. ಹೇಳಿದ ಮಾತು ಕೇಳದ ಕೆಲಸಗಾರ. ಮುಗಿಯಿತು. ಬಲಕ್ಕೆ ಒಯ್ಯಲು ಹೇಳಲಾಗಿತ್ತು ಎಂದು ಬರೆದುಕೋ ಎಂದು ಮ್ಯಾನೇಜರ್ ನನ್ನ ಕಡೆ ಬೆರಳು ಮಾಡಿದ.

"ಒಂದು ಮಿನಿಟ್" ಎಂದರು ಅಕ್ಕೋರು. ಇಂಜಿನಿಯರ್ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು, "ವಿಚ್ ರೈಟ್?"

"ರೈಟ್ ಮೀನ್ಸ್ ರೈಟ್, ಮ್ಯಾಡಮ್."

ಆಗ ಅಕ್ಕೋರು ಎದ್ದರು. ಅವನನ್ನೂ ಎಬ್ಬಿಸಿದರು. ಬಲಗೈ ಎತ್ತಿರಿ ಎಂದರು. ಆ ದನಿಗೆ ಅವನು ಸಾಲೆಯ ಹುಡುಗನ ಹಾಗೆ ಎತ್ತಿಯೇಬಿಟ್ಟ. ಶಿವಪ್ಪನಿಗೂ "ಎತ್ತೋ" ಎಂದರು. ಎದುರೆದುರು ನಿಂತ ಇಬ್ಬರ ಬಲಗೈ, ಒಂದು ಬಾಗಿಲ ಕಡೆ, ಒಂದು ಕಿಟಕಿಯ ಕಡೆ.

"ನೋಡಿರಿ" ಎಂದರು ಮ್ಯಾನೇಜರಿಗೆ. "ಇವರು ಪ್ರೆಸ್ಸಿನ ಆ ಬದಿ, ಇವನು ಈ ಬದಿ. ಯಾರ ಬಲಕ್ಕೆ ಒಯ್ಯಬೇಕಿತ್ತು? ಇವರ ಬಲಕ್ಕೆ ಎಂದರೆ ಅಲ್ಲಿ ಕಂಬ ಇದೆ. ಅಚ್ಚನ್ನು ಕಂಬದೊಳಗೆ ತೂರಿಸು ಎಂದಿರಾ? ಇವನ ಬಲಕ್ಕೆ ಎಂದರೆ ಅಚ್ಚು ಪ್ರೆಸ್ಸಿನಿಂದ ಆಚೆ ಹೋಗುತ್ತದೆ. ಅಷ್ಟೊತ್ತು ಒದ್ದಾಡಿ ಕೂರಿಸಲು ತಂದ ಅಚ್ಚನ್ನು ಆಚೆ ಒಯ್ಯಿ ಎಂದಿರಾ?"

ಇಂಜಿನಿಯರ್ ಕೈ ಇಳಿಸಿದ. ಅವನ ಕಿವಿ ಕೆಂಪಾಗಿತ್ತು. ಸುಳ್ಳು ಹೇಳುವವನ ಮುಖ ಹೇಗಿರುತ್ತದೆಂದು ನಾವೆಲ್ಲ ಕಣ್ತುಂಬ ನೋಡಿದೆವು. ಮ್ಯಾನೇಜರೂ ನೋಡಿದ. ನೋಡಿ ಹೇಳಿದ: ಮ್ಯಾಡಮ್, ನಿಮ್ಮ ಕೆಲಸ ಭಾಷಾಂತರ, ವಕೀಲಿ ಅಲ್ಲ.

"ಭಾಷಾಂತರಾನೇ ಮಾಡ್ಲಿಕ್ಕೆ ಹತ್ತೀನಿ" ಎಂದು ಅವರು ಕನ್ನಡದಲ್ಲೇ ಹೇಳಿ, ನಾನು ಟೈಪು ಮಾಡಿದ ಹಾಳೆಯನ್ನು ಎಳೆದುಕೊಂಡರು. ಅದರಲ್ಲಿ ಶಿವಪ್ಪ ಹೇಳಿದ ರೈಟ್ ರೈಟ್ ಆಗಲೇ 'ಬಲಕ್ಕೆ ಒಯ್ಯಿ' ಆಗಿತ್ತು, ಕೊನೆಯಲ್ಲಿ ಎಂದಿನ ಒಂದು ಸಾಲಿತ್ತು: ಭಾಷಾಂತರ ಸರಿ ಇದೆ. ಅದರ ಕೆಳಗೆ ಸಹಿಯ ಜಾಗ. ಅಕ್ಕೋರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ಇದು ಸರಿ ಇಲ್ಲ. ನಾ ಸಹಿ ಮಾಡೂದಿಲ್ಲ." ಬೂಟು ಧಪಧಪ ಎನಿಸುತ್ತಾ ಹೊರಟುಹೋದರು.

ಕೋಣೆಯಲ್ಲಿ ಕನ್ನಡ ಬಲ್ಲವರು ಇಬ್ಬರು ಉಳಿದೆವು. ಒಬ್ಬ ಶಿವಪ್ಪ. ಮ್ಯಾನೇಜರ್ ಹಾಳೆಯನ್ನು ನನ್ನ ಮುಂದೆ ತಳ್ಳಿದ.

ನಾನು ಸಹಿ ಮಾಡಿದೆ.

ಯಾಕೆ ಮಾಡಿದೆ ಎಂದು ಯಾರೂ ಕೇಳಲಿಲ್ಲ, ಅದಕ್ಕೇ ನಾನು ಹೇಳಲೂ ಇಲ್ಲ. ಹೆದರಿಕೆ. ಮತ್ತೇನೂ ಇಲ್ಲ. ನೌಕರಿ, ಮನೆ, ಮಕ್ಕಳು ಎಂದು ಸಾವಿರ ನೆಪ ಹೇಳಬಹುದು. ಅಕ್ಕೋರಿಗೂ ಮನೆ ಇತ್ತು. ಶಿವಪ್ಪನನ್ನು ಕೆಲಸದಿಂದ ತೆಗೆದರು. ಕಾಗದದಲ್ಲಿ ಕಾರಣ ಬರೆದರು: ಸೂಚನೆ ಧಿಕ್ಕರಿಸಿ ಸಹೋದ್ಯೋಗಿಯ ಅಂಗ ಊನ ಮಾಡಿದ್ದಕ್ಕೆ. ಆ ಕಾಗದ ಹಿಡಿದು ಅವನು ಯಾವ ಕಾರ್ಖಾನೆಯ ಗೇಟಿಗೆ ಹೋಗಬೇಕು? ಒಬ್ಬರೂ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಯಿಂದ ಬಂದ ಮಾಮಾ, ಕೈಗೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಬಂದು ಮರಾಠಿಯಲ್ಲಿ ಕೂಗಾಡಿದರು: "ತ್ಯಾಚೀ ಚೂಕ ನಾಹೀ!" ಅವನ ತಪ್ಪಲ್ಲ ಎಂದು. ಬೆರಳು ಕಳೆದುಕೊಂಡವನ ಮಾತು ಯಾರಿಗೂ ಬೇಡವಾಗಿತ್ತು. ಕಡೆಗೆ ಮಾಮಾನೇ ಶಿವಪ್ಪನನ್ನು ಇಂದಾಪುರಕ್ಕೆ ಕರೆದೊಯ್ದು, ತನ್ನವರ ಕಬ್ಬಿನ ಟ್ರ್ಯಾಕ್ಟರ್ ನಡೆಸಲು ಇಟ್ಟರು.

ಅಕ್ಕೋರನ್ನು ಖರಾಡಿಗೆ ಹಾಕಿದರು. 'ರೈಟ್ ಪರ್ಸನ್ ಇನ್ ದ ರೈಟ್ ಪ್ಲೇಸ್' ಎಂದು ಮ್ಯಾನೇಜರ್ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದ. ಅಲ್ಲಿ, ಗಾಜಿನ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಬಂದುಹೋಗುವವರ ಹೆಸರು ಬರೆದುಕೊಳ್ಳುವ ಮೇಜು. ಮೂರು ಭಾಷೆ ಅರೆದು ಕುಡಿದ ಹೆಂಗಸು ಜನರ ಕುತ್ತಿಗೆಗೆ ಬಿಲ್ಲೆ ತೊಡಿಸುತ್ತಾ ಕೂತಳು.

ಒಂದು ಸಲ ಕಾಗದ ಒಯ್ಯುವ ನೆಪದಲ್ಲಿ ಅಲ್ಲಿಗೆ ಹೋದೆ. ನಿಜವಾಗಿ ಹೋದದ್ದು ಬೈಸಿಕೊಳ್ಳಲಿಕ್ಕೆ. ಒಂದು ಕೊಂಬು ತಪ್ಪಿದರೆ ಮಬ್ಬ ಎನ್ನುತ್ತಿದ್ದವರು, ಆ ಸಹಿಯ ಬಗ್ಗೆ ಒಂದು ಅಕ್ಷರ ಎತ್ತಿರಲಿಲ್ಲ. ಅದರಷ್ಟು ನನ್ನನ್ನು ಸುಟ್ಟದ್ದು ಬೇರೊಂದಿಲ್ಲ. ಅವರ ಮೇಲೂ ನನಗೆ ಸಿಟ್ಟಿತ್ತು; ಬೈದುಬಿಡಬಾರದೇ, ಹಗುರಾಗಿ ಮನೆಗೆ ಹೋದೇನು.

ಬಿಲ್ಲೆ ಬರೆಯುತ್ತಾ ತಲೆ ಎತ್ತದೆ ಕೇಳಿದರು: "ಆ ರಟ್ಟು ಎಲ್ಲೆ ಅದ?"

"ಕಪಾಟಿನ ಹಿಂದ ಅದರಿ, ಅಕ್ಕೋರ."

"ಇನ್ನೂ?"

"ಹೌದ್ರಿ."

"ಸರಿ" ಎಂದರು. ನನ್ನ ಹಿಂದೆ ನಾಲ್ಕು ಜನ ಸಾಲು ನಿಂತಿದ್ದರು. ನಾನು ನೆಲ ನೋಡುತ್ತಾ ಆಚೆ ಸರಿದೆ. ಅವರ ಮಾರಿ ನೋಡುವ ಧೈರ್ಯ ಬರಲಿಲ್ಲ. ಅದೇ ಕೊನೆಯ ಭೇಟಿ, ಅದಾಗಿ ಕೆಲವು ವರ್ಷವೇ ಆಯಿತು.

ಇಷ್ಟೆಲ್ಲ ಆದಮೇಲೆ, ಮೊನ್ನೆ, 'ಶೀ ವಾಸ್ ಆಲ್ವೇಸ್ ರೈಟ್' ಅಂತೆ! ಚಹಾ ಅಲ್ಲೇ ಬಿಟ್ಟು ಲೋಕಲ್ ಹಿಡಿದೆ. ಕಚೇರಿಗೆ ಹೋದವನೇ ಕಪಾಟನ್ನು ಗೋಡೆಯಿಂದ ಎಳೆದೆ. ರಟ್ಟು ಅಲ್ಲೇ ಇತ್ತು. ಒಂದು ಮೂಲೆ ಇಲಿ ತಿಂದಿತ್ತು, ಅಕ್ಷರ ಮಾತ್ರ ಹಾಗೇ ಇದ್ದವು. ಒರೆಸಿ, ಶೆಡ್ಡಿಗೆ ಒಯ್ದು, ಅದೇ ಕಂಬಕ್ಕೆ ತಂತಿ ಬಿಗಿದು ಕಟ್ಟಿದೆ. ಫೋಟೋ ತೆಗೆದು ಗುಂಪಿನಲ್ಲಿ ಸಾಹೇಬರ ಸಂತಾಪದ ಕೆಳಗೇ ಹಾಕಿ, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದೆ: 'ಯಾವ ರೈಟು? ಬಲಕ್ಕೆ ಒಯ್ಯಿ ಅಂತ ಶಿವಪ್ಪನಿಗೆ ಯಾರೂ ಹೇಳಿರಲಿಲ್ಲ. ಅವತ್ತಿನ ಭಾಷಾಂತರ ಸುಳ್ಳು. ಸರಿ ಇದೆ ಎಂದು ಸಹಿ ಮಾಡಿದವನು ನಾನು. ಈ ರಟ್ಟು ತೆಗೆದವನೂ ನಾನೇ.'

ಮುಗಿದ ಕೈಗಳು ಅಲ್ಲಿಗೆ ನಿಂತವು. ಐದು ನಿಮಿಷಕ್ಕೆ ಮ್ಯಾನೇಜರಿನ ಫೋನು. ಅಳಿಸಿಬಿಡು, ನಿನಗೆ ಇನ್ನೂ ನಾಲ್ಕು ವರ್ಷ ನೌಕರಿ ಇದೆ ಎಂದ. ಅಳಿಸುವುದಿಲ್ಲ ಎಂದೆ. ಮಧ್ಯಾಹ್ನಕ್ಕೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಮುಂದೇನು ಮಾಡುತ್ತಾರೋ ಮಾಡಲಿ.

ಸಂಜೆ ಒಂದು ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹಿಂದೆ ಟ್ರ್ಯಾಕ್ಟರಿನ ಸದ್ದು.

"ನಾ ಶಿವಪ್ಪರಿ. ಮಾಮಾ ಇನ್ನೂ ಆ ಗ್ರೂಪಿನ್ಯಾಗ ಅದಾರ, ಅವರ ತೋರ್ಸಿದ್ರು, ನೀವು ಬರದಿದ್ದು."

ನಾನು ತಪ್ಪಾಯಿತು ಎಂದೆ. ಇನ್ನೂ ಏನೇನೋ ಅಂದೆ. ಮ್ಯಾನೇಜರಿಗೆ, ಮಾಲೀಕರಿಗೆ, ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ, ನಿನ್ನ ಕಾಗದ ತಿದ್ದಿಸುತ್ತೇನೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ಅಕ್ಕೋರು ಇದ್ದಾಗ ಬರೀಬೇಕಿತ್ರಿ, ಸಾಹೇಬ್ರ" ಎಂದ. ಸಿಟ್ಟಿನಲ್ಲಿ ಅನ್ನಲಿಲ್ಲ. "ವರ್ಷಾ ವರ್ಷಾ ದಸರಾಕ್ಕ ನನಗ ಫೋನ್ ಮಾಡ್ತಿದ್ರು. ಆ ಮಬ್ಬ ಒಂದಿನ ಬರೀತಾನ, ತಡೀ, ಅಂತಿದ್ರು."

ಆ ಕಡೆ ಯಾರೋ ಅವನನ್ನು ಮರಾಠಿಯಲ್ಲಿ ಕೂಗಿದರು.

"ರೈಟ್ ರೀ" ಎಂದು ಅವನು ಫೋನ್ ಇಟ್ಟ.

ಫೋನಿನಲ್ಲಿ ಮಾರಿ ಕಾಣುವುದಿಲ್ಲ. ನಾಳೆ ಇಂದಾಪುರದ ಬಸ್ಸು ಹಿಡಿಯುತ್ತೇನೆ. ಎದುರಿಗೆ ನಿಂತು ಕೇಳಬೇಕು, ಯಾವ ರೈಟೋ ಶಿವಪ್ಪ ಎಂದು.